ಕೆಟ್ಟ ಬಿಯರಿನ ಪೂರ್ವೋತ್ತರ

ಕ್ರಿ. ಶ. ೧೯೦೫ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಒಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ದೊರೆತುದೂ, ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟುದೂ ನಮ್ಮ ನಾಡಿನವರು ಅಭಿಮಾನದಿಂದ ನೆನೆಯತಕ್ಕ ಸಂಗತಿಗಳು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಭಾಗವೊಂದುಂಟು. ರಾಜನೀತಿಯನ್ನು ಹುಡುಕುವ ವಿದ್ವಾಂಸರು ಇದನ್ನು ಬೇಗಬೇಗನೆ ದಾಟಿಬಿಡುತ್ತಾರೆ. ಆದರೆ ಅಲ್ಲಿ ಒಂದು ವಿಚಿತ್ರವಾದ ವಿಧಿಯಿದೆ. ಒಳ್ಳೆಯ ಸುರೆಯನ್ನು ಕಡಮೆ ಬೆಲೆಗೆ ಮಾರಕೂಡದು; ಕೆಟ್ಟುಹೋದ ಸುರೆಯನ್ನಾದರೋ ಬೇರೆ ಕಡೆಯಲ್ಲಿ ಮಾರಿಸಬೇಕು, ಇಲ್ಲವೆ ದಾಸರಿಗೂ ಕೂಲಿಯಾಳುಗಳಿಗೂ ಸಂಬಳವಾಗಿ ಕೊಡಬೇಕು, ಅದೂ ಅಲ್ಲದಿದ್ದರೆ ಬಂಡಿಯೆಳೆಯುವ ಪ್ರಾಣಿಗಳಿಗೆ ಕುಡಿಸಬೇಕು ಅಥವಾ ಹಂದಿಗಳಿಗೆ ಹಾಕಬೇಕು ಎಂದು ಆಚಾರ್ಯನ ಅಭಿಪ್ರಾಯ.

ಕೆಟ್ಟ ಮದ್ಯವನ್ನು ಕುಡಿಯಬಹುದೇ ಎಂಬ ಪ್ರಶ್ನೆಗೆ ಇದಕ್ಕಿಂತ ನಿಷ್ಠುರವಾದ ಉತ್ತರವನ್ನು ನಾನು ಕಂಡಿಲ್ಲ. ಕುಡಿಯಬಹುದು, ಆದರೆ ಕುಡಿಯುವವನು ಬೇಡವೆನ್ನಲು ಶಕ್ತಿಯಿಲ್ಲದವನಾಗಿರಬೇಕು! ಇಂದಿನ ವ್ಯಾಪಾರದ ಬಿಯರಿನ ಚರಿತ್ರೆಯನ್ನು ಓದುತ್ತಿರುವಾಗ ಈ ವಾಕ್ಯವು ನನಗೆ ಮತ್ತೆ ಮತ್ತೆ ನೆನಪಿಗೆ ಬಂದುದರಿಂದ, ಬಿಯರು ಎಂಬ ಪಾನೀಯವು ಹಿಂದೆ ಏಕೆ ಅಷ್ಟೊಂದು ಕೆಡುತ್ತಿದ್ದಿತು, ಯಾವಾಗ ಯಾರಿಂದ ಕುಡಿಯತಕ್ಕುದಾಯಿತು ಎಂಬುದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನಕ್ಕೆ ಕೈ ಹಾಕಿದ್ದೇನೆ. ಪಾನವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ನಾನು ಅದರ ರುಚಿಯನ್ನು ಕಂಡವನೂ ಅಲ್ಲ. ರುಚಿಯರಿಯದವನು ರುಚಿಯ ಚರಿತ್ರೆಯನ್ನು ಬರೆಯುವುದು ಉದ್ಧಟತನವೆಂದು ಕೆಲವರು ನಗಬಹುದು. ಆದರೆ ಈ ವಿಷಯದಲ್ಲಿ ನನಗೆ ಬಹು ದೊಡ್ಡವರೊಬ್ಬರ ಮೇಲ್ಪಂಕ್ತಿಯಿದೆ. ಅದನ್ನು ಮುಂದೆ ಹೇಳುತ್ತೇನೆ.

ಬಿಯರನ್ನು ಮಾಡುವ ಕ್ರಮವು ನಮ್ಮ ಮನೆಯ ಹೆಂಗಸರಿಗೆ ತೀರ ಅಪರಿಚಿತವಾದುದೇನಲ್ಲ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹುರಿದು ಹಿಟ್ಟು ಮಾಡುವಂತೆಯೇ ಅವರು ಜವೆಯನ್ನು ಮೊಳೆಯಿಸಿ ಒಣಗಿಸುತ್ತಾರೆ. ಅದನ್ನು ಬಿಸಿನೀರಿನಲ್ಲಿ ಕಲಸಿ ಸಿಹಿಯಾದ ತಿಳಿಯನ್ನು ತೆಗೆದು, ಹಾಪ್ ಎಂಬ ಬಳ್ಳಿಯ ಕಹಿಹೂವನ್ನು ಹಾಕಿ ಕುದಿಸಿ, ಆರಿದ ಮೇಲೆ ಹಿಂದಿನ ಸಲದ ಗಸಿಯನ್ನು ಸ್ವಲ್ಪ ಬೆರಸಿ ಹುದುಗಲು ಬಿಡುತ್ತಾರೆ. ಈ ಗಸಿಯೇ ಯೀಸ್ಟು. ಕೌಟಿಲ್ಯನು ಕಿಣ್ವವೆಂದು ಕರೆದುದೂ ಇದೇ ಕೆಲಸವನ್ನು ಮಾಡತಕ್ಕ ವಸ್ತುವು. ನಾವು ಹಾಲಿಗೆ ಹಾಕುವ ಹೆಪ್ಪಿನ ಸ್ಥಾನವೇ ಅದರದು. ಹೆಪ್ಪು ಒಳ್ಳೆಯದಾದರೆ ಮೊಸರು ಗಟ್ಟಿಯಾಗಿ ಸಿಹಿಯಾಗುತ್ತದೆ. ಹೆಪ್ಪು ಕೆಟ್ಟರೆ ಲೋಳೆಯಾಗಿ ನೂಲೇಳುತ್ತದೆ. ಆಗ ಗೃಹಿಣಿಯು ಹಾಲನ್ನಾಗಲಿ ಹಸುವನ್ನಾಗಲಿ ದೂರದೆ, ನೆರೆಮನೆಯಿಂದ ಒಂದು ಚಮಚ ಹೊಸ ಹೆಪ್ಪನ್ನು ಕೇಳಿ ತರುತ್ತಾಳೆ. ಯೂರೋಪಿನ ದೊಡ್ಡ ದೊಡ್ಡ ಬ್ರೂವರಿಗಳು ಈ ಚಿಕ್ಕ ವಿವೇಕವನ್ನು ಕಲಿಯುವುದಕ್ಕೆ ಶತಮಾನಗಳು ಹಿಡಿದುವು.

ಬೊಹೀಮಿಯಾ ದೇಶದ ಪಿಲ್ಸೆನ್ ಪಟ್ಟಣದ ಕಥೆಯು ಇಲ್ಲಿ ಮುಖ್ಯವಾದುದು. ಹದಿಮೂರನೆಯ ಶತಮಾನದ ಕೊನೆಯಲ್ಲಿ, ೧೨೯೫ರಲ್ಲಿ, ದೊರೆ ಎರಡನೆಯ ವೆನ್ಸೆಸ್ಲಾಸನು ಈ ಪಟ್ಟಣವನ್ನು ಕಟ್ಟಿಸಿದನು. ಅಲ್ಲಿನ ಇನ್ನೂರ ಅರುವತ್ತು ಮನೆಗಳ ಒಡೆಯರಿಗೆ ಬಿಯರು ಮಾಡಿ ಮಾರುವ ಹಕ್ಕಿದ್ದಿತು. ಹಕ್ಕು ಮನುಷ್ಯನಿಗಲ್ಲ, ಮನೆಗೆ ಅಂಟಿಕೊಂಡುದು. ನಮ್ಮ ಹಳ್ಳಿಗಳ ಮಿರಾಸಿಯಂತೆ ವಂಶದಿಂದ ವಂಶಕ್ಕೆ ನಡೆದುಬರುತ್ತಿದ್ದಿತು. ಇಂಥ ಹಕ್ಕಿನಲ್ಲಿ ಎಷ್ಟು ಗೌರವವಿದೆಯೋ ಅಷ್ಟೇ ಅಪಾಯವೂ ಇದೆ. ಬಿಯರು ಹೇಗಿದ್ದರೂ ಊರಿನವರು ಅದನ್ನೇ ಕೊಳ್ಳಬೇಕಾಗಿರುವಾಗ ಮಾಡುವವನು ಕೈಯನ್ನು ಶುಚಿಯಾಗಿಟ್ಟುಕೊಳ್ಳಬೇಕೆಂಬ ಬಲವಂತವೇನಿದೆ? ಬೆಚ್ಚಗಿನ ಹವೆಯಲ್ಲಿ ಮೇಲಕ್ಕೆ ನೊರೆಯಾಗಿ ಏಳುವ ಜಾತಿಯ ಯೀಸ್ಟಿನಿಂದ ಹಳೆಯ ಬಿಯರನ್ನು ಮಾಡುತ್ತಿದ್ದರು. ಅದೇ ಹವೆಯಲ್ಲಿ ಹುಳಿಯನ್ನು ಹುಟ್ಟಿಸುವ ಸೂಕ್ಷ್ಮಜೀವಿಗಳೂ ಸುಖವಾಗಿ ಬೆಳೆಯುತ್ತವೆ. ಬೇಸಗೆಯಲ್ಲಿ ಮಾಡಿದ ಬಿಯರು ವಾರ ಕಳೆಯುವುದರೊಳಗಾಗಿ ಹುಳಿತುಹೋಗುವುದು ಸಾಮಾನ್ಯವಾಗಿದ್ದಿತು.

೧೮೩೮ರಲ್ಲಿ ಊರಿನವರ ತಾಳ್ಮೆ ತೀರಿತು. ಆ ವರ್ಷ ಮೂವತ್ತಾರು ಪೀಪಾಯಿ ಬಿಯರನ್ನು ಕುಡಿಯಲು ಯೋಗ್ಯವಲ್ಲವೆಂದು ನಿರ್ಣಯಿಸಿ, ಪುರಭವನದ ಮುಂದೆ ಉರುಳಿಸಿ ತಂದು, ಸಾರ್ವಜನಿಕರ ಕಣ್ಣೆದುರಿಗೆ ಬೀದಿಗೆ ಸುರಿದುಬಿಟ್ಟರು. ಈ ದೃಶ್ಯವನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಮಾಡಿದವರೂ ಊರಿನವರೇ, ಕುಡಿಯಬೇಕಾದವರೂ ಊರಿನವರೇ, ನಷ್ಟಪಟ್ಟವರೂ ಅವರೇ. ಕೌಟಿಲ್ಯನ ಸಲಹೆಯಂತೆ ಅದನ್ನು ಕೂಲಿಯವರಿಗೆ ಸಂಬಳವಾಗಿ ಅಳೆದುಕೊಟ್ಟಿದ್ದರೆ ಒಂದು ಕಾಸೂ ನಷ್ಟವಾಗುತ್ತಿರಲಿಲ್ಲ. ಆದರೆ ಹಾಗೆ ಮಾಡಿದ್ದ ಪಕ್ಷದಲ್ಲಿ ಮುಂದಿನ ವರ್ಷವೂ ಅದೇ ಬಿಯರು ಬರುತ್ತಿದ್ದಿತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಸುರಿದ ಮೇಲೆ ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಹಕ್ಕುಳ್ಳ ಮನೆಯವರೆಲ್ಲರೂ ಕೂಡಿ ಒಂದೇ ಒಂದು ಹೊಸ ಬ್ರೂವರಿಯನ್ನು ಕಟ್ಟುವುದೆಂದು ೧೮೩೯ರಲ್ಲಿ ನಿಶ್ಚಯಿಸಿದರು. ಮಾರ್ಟಿನ್ ಸ್ಟೆಲ್ಟ್ಸರ್ ಎಂಬ ಶಿಲ್ಪಿಯನ್ನು ಕಟ್ಟಡದ ಕೆಲಸಕ್ಕೆ ನೇಮಿಸಿದರು. ನದಿಯ ದಡದಲ್ಲಿ ಮೆತುವಾದ ಮರಳುಗಲ್ಲಿನ ನೆಲವನ್ನು ಆರಿಸಿ, ಅದರೊಳಗೆ ಆಳವಾದ ನೆಲಮಾಳಿಗೆಗಳನ್ನು ಕೊರೆಯಿಸಿದರು. ನೆರೆಯ ಬವೇರಿಯದಿಂದ ಯೋಸೆಫ್ ಗ್ರೋಲ್ ಎಂಬ ಕಸಬುದಾರನನ್ನು ಕರೆಯಿಸಿದರು. ಇವನು ಫಿಲ್ಸ್‌ಹೋಫೆನ್ ಎಂಬ ಊರಿನವನು. ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಬವೇರಿಯದಲ್ಲಿ ಇವನಷ್ಟು ಒರಟನಿಲ್ಲವೆಂದು ಹೆತ್ತ ತಂದೆಯೇ ಹೇಳುತ್ತಿದ್ದನೆಂದು ಪ್ರತೀತಿ. ಒರಟನಾದರೇನು, ಅವನ ಕೈಯಲ್ಲಿ ವಿದ್ಯೆಯಿದ್ದಿತು.

ಬವೇರಿಯದವರ ವಿದ್ಯೆ ಯಾವುದೆಂದರೆ ಚಳಿ ಮತ್ತು ಕಾಯುವಿಕೆ. ಆ ನಾಡಿನಲ್ಲಿ ೧೫೫೩ರಿಂದಲೇ ಬೇಸಗೆಯ ತಿಂಗಳುಗಳಲ್ಲಿ, ಎಂದರೆ ಏಪ್ರಿಲ್ ೨೩ರಿಂದ ಸೆಪ್ಟೆಂಬರ್ ೨೯ರ ವರೆಗೆ, ಬಿಯರು ಮಾಡಕೂಡದೆಂದು ರಾಜಾಜ್ಞೆಯಿದ್ದಿತು. ಚಳಿಗಾಲದಲ್ಲಿ ಮಾಡಿದುದನ್ನು ನೆಲಮಾಳಿಗೆಯಲ್ಲಿ ಮಂಜುಗಡ್ಡೆಯ ಜೊತೆಗೆ ಇಟ್ಟು ಬೇಸಗೆಗೆ ಒದಗಿಸಿಕೊಳ್ಳುತ್ತಿದ್ದರು. ಈ ಚಳಿಯಲ್ಲಿ ನೊರೆಯಾಗಿ ಮೇಲೇಳದೆ ತಳಕ್ಕೆ ಇಳಿದು ನಿಧಾನವಾಗಿ ಕೆಲಸಮಾಡುವ ಬೇರೊಂದು ಜಾತಿಯ ಯೀಸ್ಟು ಉಳಿದು ಬೆಳೆಯಿತು. ಹುಳಿಯ ಜೀವಿಗಳಿಗೆ ಅಲ್ಲಿ ಹೆಚ್ಚು ಅವಕಾಶವಿರಲಿಲ್ಲ. ಲಾಗರ್ ಎಂಬ ಹೆಸರು ಬಂದುದೂ ಹೀಗೆಯೇ; ಜರ್ಮನ್ ಭಾಷೆಯಲ್ಲಿ ಆ ಮಾತಿಗೆ ದಾಸ್ತಾನಿಡುವುದು ಎಂದರ್ಥ.

ಗ್ರೋಲನು ೧೮೪೨ನೆಯ ಅಕ್ಟೋಬರ್ ೫ರಂದು ಮೊದಲ ಅಡಿಗೆಯನ್ನು ಏರಿಸಿದನು. ಸುತ್ತುಮುತ್ತಲಿನ ಜವೆ, ಝಾಟೆಟ್ಸ್ ಸೀಮೆಯ ಹಾಪು, ಉಪ್ಪಿನ ಅಂಶವು ಬಹು ಕಡಮೆಯಾದ ಆ ಊರಿನ ಮೃದುವಾದ ನೀರು, ಬವೇರಿಯದ ಯೀಸ್ಟು — ಇವು ಸಾಮಗ್ರಿಗಳು. ಮೊಳಕೆಯನ್ನು ಹೊಗೆ ತಗುಲದಂತೆ ಇಂಗ್ಲಿಷರ ರೀತಿಯ ಒಲೆಯಲ್ಲಿ ಹದವಾಗಿ ಒಣಗಿಸಿದುದರಿಂದ ಅದು ಕಪ್ಪಾಗಲಿಲ್ಲ. ನವೆಂಬರ್ ೧೧ರಂದು, ಸಂತ ಮಾರ್ಟಿನನ ಹಬ್ಬದ ದಿನ, ಜನರು ಮೊದಲ ಲೋಟವನ್ನು ಕೈಗೆ ತೆಗೆದುಕೊಂಡಾಗ ಅದು ಹೊಂಬಣ್ಣವಾಗಿ, ತಳ ಕಾಣುವಷ್ಟು ತಿಳಿಯಾಗಿದ್ದಿತು. ಕಪ್ಪಾದ ಕದಡಿದ ಬಿಯರನ್ನು ಮರದ ಮತ್ತು ಮಣ್ಣಿನ ಪಾತ್ರೆಗಳಲ್ಲಿ ಕುಡಿಯುತ್ತಿದ್ದ ಕಾಲದಲ್ಲಿ ಒಳಗೇನಿದೆಯೆಂದು ಯಾರೂ ನೋಡುತ್ತಿರಲಿಲ್ಲ. ಬೊಹೀಮಿಯದ ಗಾಜಿನ ಲೋಟದಲ್ಲಿ ಈ ಹೊಸ ಪಾನೀಯವು ತಾನಾಗಿಯೇ ಸಾಕ್ಷಿ ಹೇಳಿತು. ಗ್ರೋಲನು ೧೮೪೫ರಲ್ಲಿ ಕರಾರು ಮುಗಿದ ಮೇಲೆ ತನ್ನ ಊರಿಗೆ ಹಿಂದಿರುಗಿದನು. ಇಂದು ಪ್ರಪಂಚದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಹೆಚ್ಚಿನ ಪಾಲು ಅವನ ಆ ಅಡಿಗೆಯ ಒಳ್ಳೆಯ ಅಥವಾ ಕೆಟ್ಟ ನಕಲು.

ಹೊಸದಾಗಿ ಹುದುಗಿದ ಲಾಗರನ್ನು ಆ ದಿನವೇ ಏಕೆ ಕುಡಿಯಲಾಗದು ಎಂಬುದನ್ನು ಈಗಿನ ರಸಾಯನಶಾಸ್ತ್ರಜ್ಞರು ಚೆನ್ನಾಗಿ ವಿವರಿಸಿದ್ದಾರೆ. ಎಳೆಯ ಬಿಯರಿನಲ್ಲಿ ಬೆಣ್ಣೆಯ ವಾಸನೆಯನ್ನು ಕೊಡುವ ಒಂದು ವಸ್ತುವೂ, ಹಸಿ ಸೇಬಿನ ವಾಸನೆಯನ್ನು ಕೊಡುವ ಇನ್ನೊಂದೂ, ಗಂಧಕದ ನಾತವೂ ಇರುತ್ತವೆ. ಇವನ್ನು ಹುಟ್ಟಿಸಿದ ಯೀಸ್ಟೇ ಅವಸರವಿಲ್ಲದೆ ಬಿಟ್ಟರೆ ಮೊದಲಿನ ಎರಡನ್ನು ಮತ್ತೆ ಹೀರಿಕೊಂಡುಬಿಡುತ್ತದೆ. ಗಂಧಕದ ನಾತವು ಮೆಲ್ಲಮೆಲ್ಲಗೆ ಆರಿಹೋಗುತ್ತದೆ. ವ್ಯಾಪಾರಿಯು ಬೇಗನೆ ಶೋಧಿಸಿ ಸೀಸೆಗೆ ತುಂಬಿದರೆ ಅವು ಅಲ್ಲಿಯೇ ಉಳಿದುಕೊಳ್ಳುತ್ತವೆ. ಆದುದರಿಂದ ಕೆಟ್ಟ ಬಿಯರು ಎಂದು ಬೈಸಿಕೊಳ್ಳುವುದರಲ್ಲಿ ಎಷ್ಟೋ ಭಾಗವು ಕೆಟ್ಟುದಲ್ಲ, ಬಲಿಯದುದು. ಉಪ್ಪಿನಕಾಯಿಯ ಜಾಡಿಯನ್ನು ಮೂರನೆಯ ದಿನವೇ ತೆರೆದು ಕಾಯಿ ಒಗರೆಂದು ದೂರಿದರೆ ಯಾರದು ತಪ್ಪು?

ಕಾಲದ ಈ ಮಹಿಮೆಯನ್ನು ಇಂಗ್ಲಿಷರು ನಮ್ಮ ಸಮುದ್ರಮಾರ್ಗದಲ್ಲಿಯೇ ಕಂಡುಕೊಂಡರು. ಹದಿನೆಂಟನೆಯ ಶತಮಾನದ ಕೊನೆಯಿಂದ ಲಂಡನ್ನಿನ ಹತ್ತಿರದ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ನನ ಬ್ರೂವರಿಯ ಪೀಪಾಯಿಗಳು ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ಆಫ್ರಿಕದ ತುದಿಯನ್ನು ಸುತ್ತಿ, ನಾಲ್ಕು ತಿಂಗಳೋ ಆರು ತಿಂಗಳೋ ತೇಲಿ, ಮದರಾಸಿಗೂ ಕಲ್ಕತ್ತೆಗೂ ಬರುತ್ತಿದ್ದುವು. ಹೊರಡುವಾಗ ಬಾಯಿಗಿಡಲಾಗದಷ್ಟು ಕಹಿಯಾಗಿದ್ದುದು ಇಲ್ಲಿಗೆ ಬಂದಾಗ ತಿಳಿಯಾಗಿ ಹದಕ್ಕೆ ಬಂದಿರುತ್ತಿದ್ದಿತು. ಎಲ್ಲ ಪೀಪಾಯಿಗಳ ಅದೃಷ್ಟವೂ ಒಂದೇ ಆಗಿರಲಿಲ್ಲ. ಕೆಲವು ಹುಳಿತೇ ಇಳಿಯುತ್ತಿದ್ದುವು. ಒಂದೇ ಬ್ರೂವರಿಯ ಕಟ್ಟುಪಾಡಿಗೆ ಬೇಸತ್ತು ಕಂಪೆನಿಯ ನಿರ್ದೇಶಕರಲ್ಲೊಬ್ಬರು ೧೮೨೨ರ ಸುಮಾರಿನಲ್ಲಿ ಬರ್ಟನ್ ಪಟ್ಟಣದ ಆಲ್‌ಸಪ್ ಎಂಬುವರನ್ನು ಈ ವ್ಯಾಪಾರಕ್ಕೆ ಎಳೆದುದರಿಂದ, ಅಲ್ಲಿನ ಸುಣ್ಣದ ಗುಣವುಳ್ಳ ನೀರಿನ ಬಿಯರು ಇಂಡಿಯಾದ ಹೆಸರನ್ನೇ ಹೊತ್ತು ಪ್ರಸಿದ್ಧವಾಯಿತು.

ಆದರೆ ಚಳಿಯೂ ಕಾಲವೂ ಇದ್ದರೂ ಹೆಪ್ಪೇ ಕೆಟ್ಟಿದ್ದರೆ ಮಾಡುವುದೇನು? ಇದಕ್ಕೆ ಹಳೆಯ ಮಾರ್ಗವೆಂದರೆ ಮೊದಲೇ ಹೇಳಿದಂತೆ ನೆರೆಯವರಿಂದ ಬೇಡಿ ತರುವುದು. ಕೋಪನ್‌ಹೇಗನ್ನಿನ ಯಾಕೊಬ್ಸೆನ್ ಎಂಬಾತನು ೧೮೪೫ರಲ್ಲಿ ಮ್ಯೂನಿಚ್ಚಿಗೆ ಹೋಗಿ, ಅಲ್ಲಿನ ಸ್ಪಾಟೆನ್ ಬ್ರೂವರಿಯ ಗೇಬ್ರಿಯಲ್ ಸೆಡ್ಲ್‌ಮಾಯರನಿಂದ ತಳಯೀಸ್ಟನ್ನು ಪಡೆದು, ತಗಡಿನ ಎರಡು ಡಬ್ಬಿಗಳಲ್ಲಿ ತುಂಬಿಕೊಂಡು ಕುದುರೆಯ ಗಾಡಿಯಲ್ಲಿ ಹೊರಟನು. ಗಾಡಿ ನಿಂತ ನಿಂತ ಕಡೆಗಳಲ್ಲೆಲ್ಲಾ ಇಳಿದು ಡಬ್ಬಿಗಳ ಮೇಲೆ ತಣ್ಣೀರನ್ನು ಹೊಯ್ಯುತ್ತಿದ್ದನಂತೆ. ಮಗುವನ್ನು ಕರೆದೊಯ್ಯುವ ತಾಯಿಯೂ ಇಷ್ಟು ಶ್ರಮಪಡುವಳೋ ಇಲ್ಲವೋ! ಕೊಟ್ಟ ಸೆಡ್ಲ್‌ಮಾಯರನ ಪೂರ್ವಕಥೆಯೂ ಸ್ವಾರಸ್ಯವಾದುದೇ. ಅವನೂ ವಿಯೆನ್ನದ ಆಂಟನ್ ಡ್ರೆಹೆರನೂ ೧೮೩೩ರಲ್ಲಿ ಇಂಗ್ಲೆಂಡಿನ ಬ್ರೂವರಿಗಳನ್ನು ನೋಡಲು ಹೋದಾಗ, ಟೊಳ್ಳುಮಾಡಿಸಿದ ಕೈಗೋಲನ್ನು ತೊಟ್ಟಿಯಲ್ಲಿ ಅದ್ದಿ ಒಳಗಿನ ರಸವನ್ನು ಕದ್ದು ತಂದು ಬಿಡಾರದಲ್ಲಿ ಪರೀಕ್ಷಿಸುತ್ತಿದ್ದರು.

ಈಗ ನಾನು ಹಿಂದೆ ಸೂಚಿಸಿದ ಮಹನೀಯರ ಸಮಾಚಾರ. ಅವರು ಲೂಯಿ ಪಾಸ್ತರ್. ೧೮೭೦-೭೧ರ ಯುದ್ಧದಲ್ಲಿ ಫ್ರಾನ್ಸು ಜರ್ಮನಿಗೆ ಸೋತಮೇಲೆ, ಜರ್ಮನರು ಮೇಲಾಗಿದ್ದ ಬಿಯರಿನ ಕಸಬಿನಲ್ಲಿಯಾದರೂ ಅವರನ್ನು ಮೀರಬೇಕೆಂದು ಈ ದೇಶಭಕ್ತನು ಹಟಹಿಡಿದನು. ಆತನಿಗೆ ಬಿಯರು ಸೇರುತ್ತಿರಲಿಲ್ಲ. ಒಂದು ಬಗೆಗೂ ಇನ್ನೊಂದಕ್ಕೂ ಇರುವ ರುಚಿಯ ಭೇದವು ನಾಲಗೆಗೆ ಹತ್ತುತ್ತಿರಲಿಲ್ಲ. ಅದಕ್ಕಾಗಿ ಬೆರ್ತೆಂ ಎಂಬ ಭೌತಶಾಸ್ತ್ರಜ್ಞ ಮಿತ್ರನನ್ನು ಅವಲಂಬಿಸಿದ್ದನು. ಮೊದಲು ಒಂದು ಒಳ್ಳೆಯ ಲೋಟವನ್ನು ಕೊಡು, ಶಾಸ್ತ್ರವನ್ನು ಆಮೇಲೆ ಹೇಳುವೆಯಂತೆ ಎಂದು ಈ ಮಿತ್ರನು ಪರಿಹಾಸ್ಯ ಮಾಡುತ್ತಿದ್ದನಂತೆ.

೧೮೭೧ರ ಸೆಪ್ಟೆಂಬರಿನಲ್ಲಿ ಪಾಸ್ತರನು ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಹೋಗಿ, ಅಲ್ಲಿನ ಪೋರ್ಟರ್ ಎಂಬ ಕಪ್ಪು ಬಿಯರಿನ ಯೀಸ್ಟನ್ನು ತೋರಿಸಿರೆಂದು ಕೇಳಿಕೊಂಡನು. ಸೂಕ್ಷ್ಮದರ್ಶಕದ ಕೆಳಗೆ ಒಂದು ತೊಟ್ಟನ್ನು ಇಟ್ಟು ನೋಡಿದಾಗ, ದುಂಡಗಿನ ಯೀಸ್ಟಿನ ಕಣಗಳ ನಡುವೆ ದಾರದ ತುಣುಕುಗಳಂತಹ ರೋಗಜೀವಿಗಳು ಕಂಡುವು. ಈ ಬಿಯರು ಸರಿಯಾಗಿಲ್ಲವೆಂದು, ಒಂದು ಗುಟುಕನ್ನೂ ರುಚಿನೋಡದೆ, ಆತನು ಹೇಳಿದನು. ವ್ಯವಸ್ಥಾಪಕರು ಮೊದಲು ಹಿಂಜರಿದರಾದರೂ ಕೊನೆಗೆ ನಿಜವನ್ನು ಒಪ್ಪಿಕೊಂಡರು. ಒಂದು ವಾರದ ತರುವಾಯ ಪಾಸ್ತರನು ಮತ್ತೆ ಬಂದು ನೋಡಲಾಗಿ, ಬ್ರೂವರಿಯವರು ತಾವೇ ಒಂದು ಸೂಕ್ಷ್ಮದರ್ಶಕವನ್ನು ಕೊಂಡು, ಯೀಸ್ಟನ್ನು ಬದಲಾಯಿಸಿಬಿಟ್ಟಿದ್ದರು. ಬಿಯರನ್ನು ಕುರಿತ ಆತನ ಗ್ರಂಥವು ೧೮೭೬ರಲ್ಲಿ ಹೊರಬಂದಿತು. ರುಚಿಯರಿಯದವನೂ ಈ ವಿಷಯದಲ್ಲಿ ಬಾಯಿ ಹಾಕಬಹುದೆಂದು ನಾನು ಧೈರ್ಯತಾಳಿದುದು ಈ ಪ್ರಸಂಗದಿಂದಲೇ.

ಉಳಿದುದನ್ನು ಯಾಕೊಬ್ಸೆನ್ನನ ಮನೆಯೇ ಪೂರ್ತಿಮಾಡಿತು. ಆತನು ತನ್ನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ೧೮೭೫ರಲ್ಲಿ ಒಂದು ಪ್ರಯೋಗಶಾಲೆಯನ್ನು ಸ್ಥಾಪಿಸಿದ್ದನು. ೧೮೮೩ರಲ್ಲಿ ಅವನ ಬಿಯರಿಗೇ ರೋಗ ತಗುಲಿದಾಗ, ಅಲ್ಲಿನ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಎಂಬ ವಿಜ್ಞಾನಿಯು, ಕೆಡುಕಿಗೆ ಹುಳಿಯ ಜೀವಿಗಳಷ್ಟೇ ಕಾರಣವಲ್ಲ, ಕಾಡುಜಾತಿಯ ಯೀಸ್ಟು ಬೆರೆಯುವುದೂ ಕಾರಣವೆಂದು ಕಂಡುಹಿಡಿದು, ಒಂದೇ ಒಂದು ಕಣವನ್ನು ಪ್ರತ್ಯೇಕಿಸಿ ಅದರಿಂದ ಶುದ್ಧವಾದ ಸಂತಾನವನ್ನು ಬೆಳೆಯಿಸಿದನು. ಪ್ರಯೋಗಶಾಲೆಯ ಯಾವ ಫಲವನ್ನೂ ಗುಟ್ಟಾಗಿಡಕೂಡದೆಂದು ಯಾಕೊಬ್ಸೆನ್ನನು ಮೊದಲೇ ಕಟ್ಟಳೆ ಮಾಡಿದ್ದುದರಿಂದ, ಈ ಹೆಪ್ಪನ್ನು ಕೇಳಿದ ಇತರ ಬ್ರೂವರಿಗಳಿಗೆ ಹಂಚಿದರು. ತಾನು ಬೇಡಿ ತಂದುದನ್ನು ಶುದ್ಧಿಮಾಡಿ ಬೇಡಿದವರಿಗೆ ಕೊಟ್ಟನು ಎಂಬುದು ಈ ವ್ಯಾಪಾರದ ಚರಿತ್ರೆಯಲ್ಲಿ ಅಪೂರ್ವವಾದ ನಡತೆ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಸುಖವಾಗಿ ಮುಗಿಯುತ್ತಿದ್ದಿತು. ಆದರೆ ರುಚಿಯಲ್ಲಿಯೂ ನೋಟದಲ್ಲಿಯೂ ಯಾವ ದೋಷವೂ ತೋರದ ಬಿಯರೊಂದು ೧೯೦೦ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರಾಂತದ ಬಡವರನ್ನು ಕೊಂದಿತು. ಅಲ್ಲಿನ ಕೂಲಿಗಾರರಲ್ಲಿ ಕೈಕಾಲು ಜೋಮುಹಿಡಿದು, ನಡೆಯಲಾರದೆ, ಚರ್ಮ ಕಪ್ಪೇರುವ ಒಂದು ವ್ಯಾಧಿಯು ಹರಡಿತು. ಕುಡುಕರ ನರರೋಗವಿದು, ಅತಿಯಾಗಿ ಕುಡಿದುದರ ಫಲ ಎಂದು ವೈದ್ಯರು ನಿರ್ಣಯಿಸಿದರು. ರೋಗಿಯ ಮೇಲೆಯೇ ಅಪರಾಧವನ್ನು ಹೊರಿಸಿದ ಮೇಲೆ ಮತ್ತೇನನ್ನು ಹುಡುಕಬೇಕಾಗಿದೆ? ನಿರ್ಗತಿಕರ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದ ಅರ್ನೆಸ್ಟ್ ರೆನಾಲ್ಡ್ಸ್ ಎಂಬ ಡಾಕ್ಟರು ಮಾತ್ರ ಒಂದು ಸಣ್ಣ ಸಂಗತಿಯನ್ನು ಲಕ್ಷಿಸಿದರು. ಬಿಯರಿಗಿಂತ ಎಷ್ಟೋ ತೀಕ್ಷ್ಣವಾದ ಮದ್ಯವನ್ನು ಕುಡಿಯುವವರಿಗೆ ಈ ರೋಗವಿಲ್ಲ. ಬಿಯರು ಕುಡಿಯುವವರಿಗೆ ಮಾತ್ರ ಇದೆ. ಹಾಗಾದರೆ ಕಾರಣವು ಮದ್ಯಸಾರವಲ್ಲ, ಬಿಯರಿನಲ್ಲಿರುವ ಇನ್ನೇನೋ! ಬಿಯರನ್ನು ತರಿಸಿ ಪರೀಕ್ಷಿಸಿದಾಗ ಅದರಲ್ಲಿ ಪಾಷಾಣವು ಸಿಕ್ಕಿತು.

ಅದು ಬಂದ ದಾರಿ ಹೀಗೆ. ೧೮೮೦ರ ಶಾಸನದಿಂದ ಮಾಲ್ಟಿನ ಮೇಲಣ ತೆರಿಗೆ ಹೋಗಿ, ಜವೆಗೆ ಬದಲು ಅಗ್ಗದ ಸಕ್ಕರೆಯನ್ನು ಧಾರಾಳವಾಗಿ ಉಪಯೋಗಿಸುವುದಕ್ಕೆ ಅನುಕೂಲವಾಗಿದ್ದಿತು. ಈ ಸಕ್ಕರೆಯನ್ನು ತಯಾರಿಸಲು ಗಂಧಕಾಮ್ಲ ಬೇಕು. ಆ ಆಮ್ಲವನ್ನು ಪಾಷಾಣ ಬೆರೆತ ಅದಿರಿನಿಂದ ಮಾಡಿ, ಶುದ್ಧಿಗೊಳಿಸದೆ ಒದಗಿಸಿದ್ದರು. ಆರು ಸಾವಿರಕ್ಕೆ ಮೇಲ್ಪಟ್ಟು ಜನರು ನರಳಿದರು. ಸುಮಾರು ಎಪ್ಪತ್ತು ಮಂದಿ ಸತ್ತರು. ಲಾರ್ಡ್ ಕೆಲ್ವಿನ್ನರ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ನೊಂದು ನೇಮಕವಾಗಿ, ಆಹಾರಪಾನೀಯಗಳಲ್ಲಿ ಪಾಷಾಣಕ್ಕೆ ಮಿತಿಯನ್ನು ಸೂಚಿಸಿತು. ಪಿಲ್ಸೆನ್ನಿನವರು ಹುಳಿಯನ್ನು ನಾಲಗೆಯಿಂದಲೇ ಅರಿತು ಬೀದಿಗೆ ಸುರಿದರು. ಮ್ಯಾಂಚೆಸ್ಟರಿನವನ ನಾಲಗೆ ಏನು ಹೇಳೀತು? ಕುಡಿಯತಕ್ಕುದು ಯಾವುದು ಎಂಬುದನ್ನು ಆತನ ಪರವಾಗಿ ಬೇರೆ ಯಾರಾದರೂ ನೋಡಬೇಕಾಗಿದ್ದಿತು, ನೋಡಿದವರು ಇರಲಿಲ್ಲ.

ಅತಿಯಾದ ತಂಪಿನ ವಿಚಾರವನ್ನೂ ಒಂದು ಮಾತಿನಲ್ಲಿ ಹೇಳಿಬಿಡಬೇಕು. ಕಾರ್ಲ್ ಲಿಂಡೆಯ ಶೀತಯಂತ್ರವು ೧೮೭೦ರ ದಶಕದಲ್ಲಿ ಬ್ರೂವರಿಗಳಿಗೆ ಬಂದುದು ಬಿಯರನ್ನು ಚೆನ್ನಾಗಿ ಮಾಡುವುದಕ್ಕೆ. ಕಾಲಕ್ರಮದಲ್ಲಿ ತಂಪು ಬಿಯರಿನ ದೋಷವನ್ನು ಮುಚ್ಚುವುದಕ್ಕೂ ಒದಗಿತು. ಎಂಥ ಕೆಟ್ಟ ಬಿಯರಾದರೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಕುಡಿಯಬಹುದು ಎಂದು ವಿದೇಶದಲ್ಲಿ ಬಹುಕಾಲವಿದ್ದು ಬಂದ ನನ್ನ ಮಿತ್ರರೊಬ್ಬರು ಹೇಳುವುದುಂಟು. ಅವರ ಮಾತು ನಿಜವೇ. ಚಳಿಯಲ್ಲಿ ವಾಸನೆಗಳು ಮೇಲೇಳುವುದಿಲ್ಲ, ನಾಲಗೆಯೂ ಮರಗಟ್ಟುತ್ತದೆ. ಲೋಟವು ಬೆಚ್ಚಗಾಗುತ್ತ ಬಂದಂತೆ ಸತ್ಯವೂ ಹೊರಬೀಳುತ್ತದೆಯಾದ್ದರಿಂದ ಬೇಗನೆ ಕುಡಿದು ಮುಗಿಸಬೇಕೆಂಬುದೂ ಅವರ ಉಪದೇಶದ ಭಾಗವೇ.

ಅವಸರದ ಫಲವನ್ನು ಅಮೇರಿಕದ ಮಿಲ್ವಾಕಿ ಪಟ್ಟಣದ ಷ್ಲಿಟ್ಸ್ ಕಂಪೆನಿಯು ಅನುಭವಿಸಿದಷ್ಟು ಮತ್ತಾರೂ ಅನುಭವಿಸಲಿಲ್ಲ. ಒಂದು ಕಾಲಕ್ಕೆ ಆ ದೇಶದಲ್ಲಿಯೇ ಮೊದಲನೆಯದಾಗಿದ್ದ ಈ ಬ್ರೂವರಿಯು, ೧೯೭೦ರ ದಶಕದಲ್ಲಿ ಹುದುಗುವ ಕಾಲವನ್ನು ಮೊಟಕುಮಾಡಿ, ಜವೆಯ ಭಾಗವನ್ನು ತಗ್ಗಿಸಿ ಜೋಳದ ಪಾಕವನ್ನು ಸೇರಿಸಿತು. ೧೯೭೬ರಲ್ಲಿ, ಬಿಯರು ಮಬ್ಬಾಗದಂತೆ ಹಾಕುತ್ತಿದ್ದ ಪದಾರ್ಥವನ್ನು ಬದಲಾಯಿಸಲಾಗಿ, ಹೊಸ ಪದಾರ್ಥವು ನೊರೆಯನ್ನು ನಿಲ್ಲಿಸುವ ಮತ್ತೊಂದರೊಡನೆ ಕೂಡಿ ಸೀಸೆಗಳಲ್ಲಿ ಬಿಳಿಯ ಚೂರುಗಳು ತೇಲತೊಡಗಿದುವು. ಸುಮಾರು ಒಂದು ಕೋಟಿ ಸೀಸೆಗಳನ್ನೂ ಡಬ್ಬಿಗಳನ್ನೂ ಹಿಂದಕ್ಕೆ ತರಿಸಿ ನಾಶಮಾಡಬೇಕಾಯಿತು. ಇದೂ ಸುರಿದದ್ದೇ, ಆದರೆ ಪಿಲ್ಸೆನ್ನಿನವರಂತೆ ಹಗಲಿನಲ್ಲಿ ಪುರಭವನದ ಮುಂದಲ್ಲ. ಕೊಳ್ಳುವವರ ನಂಬಿಕೆ ಮರಳಿ ಬರಲಿಲ್ಲ. ೧೯೮೨ರಲ್ಲಿ ಕಂಪೆನಿಯು ಬೇರೊಬ್ಬರ ಪಾಲಾಯಿತು.

ಪಿಲ್ಸೆನ್ನಿನ ಬ್ರೂವರಿಯಾದರೋ ಈಗಲೂ ನಡೆಯುತ್ತಿದೆ. ಅಲ್ಲಿಯೂ ಇಂದು ಉಕ್ಕಿನ ದೊಡ್ಡ ದೊಡ್ಡ ಪಾತ್ರೆಗಳಲ್ಲಿಯೇ ಬಿಯರು ಹುದುಗುತ್ತದೆ. ಆದರೆ ನೆಲದೊಳಗೆ ಸುಮಾರು ಒಂಬತ್ತು ಕಿಲೋಮೀಟರು ಹರಡಿರುವ ಹಳೆಯ ಮಾಳಿಗೆಗಳ ಒಂದು ಮೂಲೆಯಲ್ಲಿ, ಸ್ವಲ್ಪ ಬಿಯರನ್ನು ಗ್ರೋಲನ ಕಾಲದಂತೆಯೇ ಓಕ್ ಮರದ ತೆರೆದ ತೊಟ್ಟಿಗಳಲ್ಲಿ ಹುದುಗಿಸಿ, ಮರದ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ಮೇಲಿನ ಕಾರ್ಖಾನೆಯ ಬಿಯರನ್ನು ಇದರ ಪಕ್ಕದಲ್ಲಿಟ್ಟು, ರುಚಿನೋಡುವವರು ಎರಡನ್ನೂ ಒಂದಾದ ಮೇಲೊಂದರಂತೆ ಬಾಯಿಗೆ ಇಟ್ಟು ಹೋಲಿಸುತ್ತಾರೆ.